28 ಎಂಎಂ, 15 ಎಂಎಂ, 6 ಎಂಎಂ: ನೆಪೋಲಿಯನ್ ಕಾಲದ ಸೈನ್ಯ ಮೂರು ಸೈಜಲ್ಲೂ ಕಟ್ಟಿ ಆಡಿದ್ಮೇಲೆ

ನೆಪೋಲಿಯನ್ ಕಾಲದ ವಾರ್‌ಗೇಮಿಂಗ್, ಅಂದ್ರೆ ಪುಟಾಣಿ ಸೈನಿಕರ ಗೊಂಬೆಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧ ಆಡೋದು, ಶುರು ಮಾಡ್ಬೇಕು ಅಂತಿರೋರು ಮೊದಲು ಕೇಳೋದು ಯಾವ ಕಂಪ್ನಿ ಫಿಗರ್ ಚೆನ್ನಾಗಿದೆ, ಯಾವ ಪೇಂಟ್ ತಗೋಬೇಕು ಅಂತ. ನನ್ನ ಪ್ರಕಾರ ಅದಕ್ಕಿಂತ ಮುಂಚೆ ತೀರ್ಮಾನ ಆಗ್ಬೇಕಾಗಿರೋದು ಬೇರೆ. ಮೇಜಿನ ಮುಂದೆ ನಿಂತಾಗ ನೀವು ಯಾರಾಗಿರ್ಬೇಕು? ಐವತ್ತು ಅರವತ್ತು ಜನನ್ನ ನಡೆಸೋ ಕ್ಯಾಪ್ಟನ್ನಾ, ನಾಲ್ಕೈದು ಬೆಟಾಲಿಯನ್ (ಒಂದೊಂದೂ ನೂರಾರು ಜನರ ದಳ) ಇಟ್ಕೊಂಡಿರೋ ಬ್ರಿಗೇಡ್ ಕಮಾಂಡರ್ರಾ, ಇಲ್ಲ ದಿಣ್ಣೆ ಮೇಲೆ ನಿಂತು ಇಡೀ ಸೈನ್ಯನೇ ನೋಡೋ ಮಾರ್ಷಲ್ಲಾ? ಸೈಜು, ರೂಲ್ಸು, ಪೇಂಟ್ ಮಾಡೋ ರೀತಿ ಎಲ್ಲಾ ಅದರ ಹಿಂದೆ ಬರತ್ತೆ. ನಾನು ಇಂಗ್ಲೆಂಡಲ್ಲಿ ಕ್ಲಬ್ಬಲ್ಲಿ ಆಡೋದು, ಮೂರು ಸೈಜಲ್ಲೂ ಪೇಂಟ್ ಮಾಡಿದೀನಿ, ಒಂದೇ ಜಾಗನ ಮೂರರಲ್ಲೂ ಆಡಿದೀನಿ, ಅದು ನೆಪೋಲಿಯನ್ ಕೊನೆಗೆ ಸೋತ ವಾಟರ್ಲೂ ರಣರಂಗದ ಮಧ್ಯದಲ್ಲಿರೋ ಲಾ ಹೇ ಸಾಂತ್ ಅನ್ನೋ ತೋಟದ ಮನೆ. ಹಂಗಾಗಿ ಹೋಲಿಸೋಕೆ ಸುಲಭ.

ಮೊದಲು 28 ಎಂಎಂ, ಅಂದ್ರೆ ಒಬ್ಬ ಸೈನಿಕನ ಗೊಂಬೆ ಸುಮಾರು ಅಷ್ಟು ಎತ್ತರ. ಎಲ್ಲರ ಕಣ್ಣು ಬೀಳೋದೇ ಇದರ ಮೇಲೆ, ಬೀಳ್ಬೇಕಾದ್ದೇ. ಪೆರಿ ಮಿನಿಯೇಚರ್ಸ್ ಅಂತ ಅಲನ್, ಮೈಕೆಲ್ ಅನ್ನೋ ಅವಳಿ ಅಣ್ತಮ್ಮಂದಿರದು, ನಾಟಿಂಗ್‌ಹ್ಯಾಮಲ್ಲಿದೆ. ವಿಕ್ಟ್ರಿಕ್ಸ್ ಇನ್ನೊಂದು. ಎರಡೂ ಗಟ್ಟಿ ಪ್ಲಾಸ್ಟಿಕ್, ಎರಡೂ ಸ್ಪ್ರೂ ಅನ್ನೋ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಬರತ್ತೆ, ಕತ್ತರಿಸಿ ಅಂಟಿಸ್ಕೋಬೇಕು. ಪೆರಿ ಫಿಗರ್ ಸ್ವಲ್ಪ ತೆಳು, ಮನುಷ್ಯರ ಅಳತೆಗೆ ಹತ್ರ, ಜೋಡಿಸೋದು ಬೇಗ ಆಗತ್ತೆ, ಒಂದು ಬೆಟಾಲಿಯನ್ ಪೂರ್ತಿ ಒಂದೇ ಥರ ಮಾರ್ಚ್ ಮಾಡ್ತಿರೋ ಹಂಗೆ ಕಾಣತ್ತೆ. ವಿಕ್ಟ್ರಿಕ್ಸಲ್ಲಿ ಕೈಗಳು ಬೇರೆ ಬೇರೆ ಬರ್ತವೆ, ಒಬ್ಬ ಲೋಡ್ ಮಾಡ್ತಿದಾನೆ, ಒಬ್ಬ ಗುರಿ ಇಟ್ಟಿದಾನೆ, ಪೋಸಿಗೆ ಕೊರತೆಯಿಲ್ಲ, ಆದ್ರೆ ಮೂವತ್ತಾರು ಜನಕ್ಕೆ ಕೈ ಅಂಟಿಸೋ ಹೊತ್ತಿಗೆ ತಾಳ್ಮೆ ಬೇಕು. ಲೈನಲ್ಲಿ ನಿಂತು ಫೈರ್ ಮಾಡೋ ಬ್ರಿಟಿಷರಿಗೆ ನಾನು ವಿಕ್ಟ್ರಿಕ್ಸ್ ತಗೋತೀನಿ, ಕಾಲಂನಲ್ಲಿ, ಅಂದ್ರೆ ಸಾಲಿನ ಹಿಂದೆ ಸಾಲಾಗಿ ನುಗ್ಗೋ ಫ್ರೆಂಚರಿಗೆ ಪೆರಿ. ಮೆಟಲ್ ಫಿಗರ್ ಈಗ್ಲೂ ಆಫೀಸರ್‌ಗಳಿಗೆ, ಫಿರಂಗಿ ತಂಡಕ್ಕೆ, ಜನರಲ್‌ಗಳಿಗೆ ಮಾತ್ರ ತಗೊಳ್ಳೋದು, ತೂಕಾನೂ ಜಾಸ್ತಿ ಬೆಲೇನೂ ಜಾಸ್ತಿ. ಎದೆಗೆ ಕವಚ ಹಾಕೋ ಕ್ಯುರಾಸಿಯರ್ ಕುದುರೆ ಸವಾರರಿಗೆ ಪೆರಿ ಪ್ಲಾಸ್ಟಿಕ್ ಬಾಕ್ಸ್ ಸಾಕು, ಹದಿನಾಲ್ಕು ಜನ ಬರ್ತಾರೆ, ಒಂದು ರೆಜಿಮೆಂಟಿಗೆ ಅಷ್ಟೇ ಬೇಕಾಗಿರೋದು.

28ರಲ್ಲಿ ಪೇಂಟ್ ಮಾಡೋ ಖುಷಿ ಅಂದ್ರೆ ಯೂನಿಫಾರ್ಮ್ ಓದೋಕೆ ಬರತ್ತೆ. 1812ರ ನಿಯಮದ ಪ್ರಕಾರ ಫ್ರೆಂಚ್ ಬೆಟಾಲಿಯನ್‌ನ ನಾಲ್ಕು ಫ್ಯುಸಿಲಿಯರ್ (ಸಾಮಾನ್ಯ ಕಾಲಾಳು) ಕಂಪ್ನಿಗಳಿಗೆ ಟೋಪಿ ಮೇಲಿನ ಪಾಂಪಾನ್ ಅನ್ನೋ ಗೊಂಡೆಯ ಬಣ್ಣ ಬೇರೆ ಬೇರೆ, ಕಡು ಹಸಿರು, ಆಕಾಶ ನೀಲಿ, ಕಿತ್ತಳೆ, ನೇರಳೆ. ಆಯ್ದ ಸೈನಿಕರಾದ ಗ್ರೆನೇಡಿಯರ್‌ಗಳಿಗೆ ಕೆಂಪು. ಇದನ್ನೆಲ್ಲಾ ಸರಿಯಾಗಿ ಹಾಕಿ ಬೇಸ್ (ಕಾಲ ಕೆಳಗಿನ ಹಲಗೆ) ಮಾಡಿ ಸಾಲಾಗಿ ಇಟ್ರೆ ದಸರಾಗೆ ಮನೇಲಿ ಗೊಂಬೆ ಕೂರಿಸಿದಾಗ ಸುತ್ತ ನಿಂತು ನೋಡ್ತೀವಲ್ಲ, ಹಂಗೇ ಕ್ಲಬ್ಬಿಗೆ ಬಂದೋರೆಲ್ಲ ಬಗ್ಗಿ ನೋಡ್ತಾರೆ. ನಾನು ಬ್ರಿಟಿಷರಲ್ಲಿ ಮೊದಲು ಮಾಡಿದ್ದು 33ನೇ ರೆಜಿಮೆಂಟು, ಕಾರಣ ನಮ್ಮೂರ ಕಡೇದೇ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದ ವೆಲ್ಲೆಸ್ಲಿ ರೆಜಿಮೆಂಟ್ ಅದು, ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ಹೊತ್ತು ಟಿಪ್ಪು ಸೈನಿಕರ ಕೈಲಿ ಪೆಟ್ಟು ತಿಂದು ವಾಪಸ್ ಹೋಗಿದ್ದೂ ಅದೇ. ಹದಿನಾರು ವರ್ಷ ಆದ್ಮೇಲೆ ಅದೇ ವೆಲ್ಲೆಸ್ಲಿ ವೆಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನಿಂತಾಗ 33 ಕೂಡ ಅಲ್ಲಿತ್ತು, ಹಾಲ್ಕೆಟ್ ಬ್ರಿಗೇಡಲ್ಲಿ, ಜೊತೆಗೆ 73ನೇದರ ಎರಡನೇ ಬೆಟಾಲಿಯನ್ನು, ಅದರ ಮೊದಲನೇ ಬೆಟಾಲಿಯನ್ ಶ್ರೀರಂಗಪಟ್ಟಣದ ಕೋಟೆ ಹತ್ತಿದ್ದು. 33ರ ಕಾಲರು, ಕಫ್ ಎಲ್ಲಾ ಕೆಂಪು, ಕೋಟೂ ಕೆಂಪು, ಹಂಗಾಗಿ ಎರಡು ಕೆಂಪು ಬೇರೆ ಮಾಡಿ ತೋರ್ಸೋದೇ ಕೆಲಸ, ಬಿಳಿ ಲೇಸ್ ಗೆರೆ ಸರಿಯಾಗಿ ಬಂದ್ರೆ ಅದೇ ಕಾಪಾಡತ್ತೆ. ಆದ್ರೆ ಒಂದು ವಿಷ್ಯ, ಈ ಫಿಗರ್‌ಗಳನ್ನ 1799ಕ್ಕೆ ಬಳಸೋಕಾಗಲ್ಲ, ಇವರ ತಲೆ ಮೇಲಿರೋ ಶಾಕೊ ಅನ್ನೋ ಎತ್ತರದ ಟೋಪಿ ಬ್ರಿಟಿಷ್ ಕಾಲಾಳುಗಳಿಗೆ ಬಂದಿದ್ದು 1800ರಲ್ಲಿ.

ಪೇಂಟ್ ಮಾಡೋ ವಿಧಾನ ಮೂರು ಟ್ರೈ ಮಾಡಿದೆ. ಹಳೇದು ಅಂದ್ರೆ ಕಪ್ಪು ಪ್ರೈಮರ್ ಮೇಲೆ ಪ್ರತಿ ಬಣ್ಣಕ್ಕೂ ಮೂರು ಲೇಯರ್, ಗಾಢ, ಮಧ್ಯಮ, ತಿಳಿ. ಫ್ರೆಂಚ್ ಕೋಟಿಗೆ ವಲ್ಲೆಹೋ ಕಂಪ್ನಿಯ ಡಾರ್ಕ್ ಪ್ರಷ್ಯನ್ ಬ್ಲೂ ನನಗೆ ಇವತ್ತಿಗೂ ಬೇರೆ ಬೇಡ. ನೋಡೋಕೆ ಇದಕ್ಕೆ ಸಾಟಿ ಇಲ್ಲ ಆದ್ರೆ ಒಂದು ಬೆಟಾಲಿಯನ್ ಮುಗಿಯೋ ಹೊತ್ತಿಗೆ ಋತು ಬದಲಾಗಿರತ್ತೆ. ಎರಡನೇದು ಬೇಸ್ ಬಣ್ಣ ಫ್ಲಾಟಾಗಿ ಹಾಕಿ ಮೇಲೆ ಕಂದು ಶೇಡ್ ಬಳಿಯೋದು, ಅದು ಬೇಗ, ಕೊಳೆ ಹಿಡಿದ ಯುದ್ಧದ ಯೂನಿಫಾರ್ಮ್ ಹಂಗೇ ಕಾಣತ್ತೆ, ಸ್ಪೇನಲ್ಲಿ ಕಂದು ಬಟ್ಟೆ ಪ್ಯಾಂಟ್ ಹಾಕ್ಕೊಂಡು ತಿರುಗ್ತಿದ್ದ ಫ್ರೆಂಚರಿಗೆ ಇದೇ ಸರಿ. ಮೂರನೇದು ಈಗಿನ ಕಾಂಟ್ರಾಸ್ಟ್ ಥರದ ತೆಳು ಪೇಂಟು, ತಿಳಿ ಪ್ರೈಮರ್ ಮೇಲೆ ಒಂದೇ ಕೋಟ್, ನೆರಳೂ ಬೆಳಕೂ ತಾನೇ ಬರತ್ತೆ. ಬೂದು ಗ್ರೇಟ್‌ಕೋಟು, ಕುದುರೆ, ಬೆನ್ನ ಚೀಲದ ಚರ್ಮ, ಇವಕ್ಕೆಲ್ಲಾ ಅದ್ಭುತ. ಆದ್ರೆ ಬ್ರಿಟಿಷ್ ಕೆಂಪು ಕೋಟಿಗೆ ಇದು ನನಗೆ ಇಷ್ಟ ಆಗ್ಲಿಲ್ಲ, ಬೆನ್ನಿನಂಥ ಚಪ್ಪಟೆ ಜಾಗದಲ್ಲಿ ಕಲೆ ಕಲೆಯಾಗಿ ನಿಲ್ಲತ್ತೆ. ಕೆಂಪಿಗೆ ಕಂದು ಅಡಿಪಾಯ ಹಾಕಿ ಮೇಲೆ ಕೆಂಪು ಹಾಕೋದೇ ಒಳ್ಳೇದು, ಕಪ್ಪಿನ ಮೇಲೆ ಕೆಂಪು ಸತ್ತು ಹೋಗತ್ತೆ. ಬಿಳಿ ಬೆಲ್ಟಿಗೆ ಮೊದಲು ತಿಳಿ ಬೂದು, ಆಮೇಲೆ ಬಿಳಿ, ನೇರವಾಗಿ ಬಿಳಿ ಹಾಕಿದ್ರೆ ಸುಣ್ಣ ಬಳಿದಂಗಿರತ್ತೆ.

ಇನ್ನು ಆಟ. 28ರಲ್ಲಿ ಎರಡು ರೂಲ್ಸ್ ಆಡಿದೆ, ಶಾರ್ಪ್ ಪ್ರಾಕ್ಟೀಸು ಮತ್ತೆ ಬ್ಲ್ಯಾಕ್ ಪೌಡರ್ರು. ಶಾರ್ಪ್ ಪ್ರಾಕ್ಟೀಸಲ್ಲಿ ಲೈನ್ ಸೈನಿಕರು ಎಂಟೆಂಟು ಜನರ ಗುಂಪು, ಪ್ರತಿ ನಾಯಕನಿಗೆ ಒಂದು ಕಾರ್ಡು ಇಲ್ಲ ಟೋಕನ್, ಚೀಲದಿಂದ ಎತ್ತಿದಾಗ ಯಾರ ಹೆಸರು ಬರತ್ತೋ ಅವನು ಮೂವ್ ಮಾಡ್ತಾನೆ, ಟಿಫಿನ್ ಕಾರ್ಡ್ ಬಂತು ಅಂದ್ರೆ ಆ ಟರ್ನ್ ಮುಗೀತು. ಲಾ ಹೇ ಸಾಂತ್ ಇಲ್ಲಿ ಇಡೀ ಮೇಜು. ಬಾಗಿಲು, ದನದ ಕೊಟ್ಟಿಗೆ, ಹಣ್ಣಿನ ತೋಟ, ಗೋಡೆಯ ತೂತು ಎಲ್ಲಾ ಬೇರೆ ಬೇರೆ. ಅಲ್ಲಿದ್ದಿದ್ದು ಮೇಜರ್ ಬೇರಿಂಗ್ ಕೈಕೆಳಗೆ ಕಿಂಗ್ಸ್ ಜರ್ಮನ್ ಲೀಜನ್‌ನ (ಬ್ರಿಟಿಷ್ ಸೈನ್ಯದಲ್ಲಿದ್ದ ಜರ್ಮನ್ನರ ಪಡೆ) ಹಸಿರು ಕೋಟಿನ 2ನೇ ಲೈಟ್ ಬೆಟಾಲಿಯನ್, ಸುಮಾರು ನಾನೂರು ಜನ, ಕೈಲಿ ರೈಫಲ್ಲು, ಸಂಜೆ ಹೊತ್ತಿಗೆ ಮದ್ದು ಖಾಲಿಯಾಗಿ ಬಿಟ್ಟು ಹೋಗ್ಬೇಕಾಯ್ತು. ಆ ಮದ್ದು ಖಾಲಿಯಾಗೋದನ್ನ ಆಟಕ್ಕೆ ತಂದ್ವಿ, ಪ್ರತಿ ಗುಂಪಿಗೆ ಲೆಕ್ಕದ ಫೈರಿಂಗು, ಆಮೇಲೆ ಬಾಯ್ನೆಟ್ಟು. ಕೊನೆ ಕೊನೆಗೆ ಕೊಟ್ಟಿಗೆ ಬಾಗಿಲಲ್ಲಿ ಯಾರನ್ನ ನಿಲ್ಲಿಸ್ಬೇಕು ಅನ್ನೋದೇ ಎಷ್ಟೊಂದು ಕಷ್ಟದ ತೀರ್ಮಾನ ಆಗೋಗತ್ತೆ ಅಂದ್ರೆ ಆಡಿದೋರಿಗೇ ಗೊತ್ತು.

ಬ್ಲ್ಯಾಕ್ ಪೌಡರ್ ಬಂದಿದ್ದು 2009ರಲ್ಲಿ, ಇದು ಬ್ರಿಗೇಡ್ ಲೆವೆಲ್ಲು. ಮೊದಲು ಬಾಯಿಬಿಟ್ಟು ಆರ್ಡರ್ ಹೇಳ್ಬೇಕು, ಆಮೇಲೆ ಎರಡು ಡೈಸ್ ಉರುಳಿಸ್ಬೇಕು, ಕಮಾಂಡರ್ ರೇಟಿಂಗ್‌ಗಿಂತ ಎಷ್ಟು ಕಮ್ಮಿ ಬರತ್ತೋ ಅದರ ಮೇಲೆ ಒಂದು, ಎರಡು ಇಲ್ಲ ಮೂರು ಮೂವ್, ಜಾಸ್ತಿ ಬಂದ್ರೆ ನಿಂತಲ್ಲೇ ನಿಲ್ಲೋದು. ನಾಲ್ಕೈದು ಜನ ಸೇರಿ ಭಾನುವಾರ ಪೂರ್ತಿ ಆಡೋಕೆ ಇದಕ್ಕಿಂತ ಖುಷಿ ಕೊಡೋ ಆಟ ಇನ್ನೊಂದಿಲ್ಲ. ಆದ್ರೆ 28ರಲ್ಲಿ ಇದರ ತೊಂದ್ರೆ ಅಂದ್ರೆ ಜಾಗ. ಲೆಕ್ಕ ನೋಡಿ. 36 ಫಿಗರ್‌ನ ಬೆಟಾಲಿಯನ್ನು, 45 ಎಂಎಂ ಅಗಲದ ಒಂದೊಂದು ಬೇಸ್ ಮೇಲೆ ಆರಾರು ಜನ, ಲೈನಲ್ಲಿ ಇಟ್ರೆ 27 ಸೆಂಟಿಮೀಟರ್ ಅಗಲ. ಆರಡಿ ಮೇಜಲ್ಲಿ ಆರು ಬೆಟಾಲಿಯನ್ ಇಟ್ರೆ ಮುಗೀತು, ಪಕ್ಕಕ್ಕೆ ಸುತ್ತಿ ಹೋಗೋಕೆ ಜಾಗಾನೇ ಇಲ್ಲ, ಕುದುರೆ ಸವಾರರು ಹಿಂದೆ ನಿಂತು ನೋಡ್ತಿರ್ತಾರೆ. ಇನ್ನೊಂದು, ರೂಲ್ಸಲ್ಲಿ ಮಸ್ಕೆಟ್ ರೇಂಜು 18 ಇಂಚು, ಅಂದ್ರೆ 45 ಸೆಂಟಿಮೀಟರ್, ಬೆಟಾಲಿಯನ್ ಅಗಲಕ್ಕಿಂತ ತುಂಬಾ ಜಾಸ್ತಿ. ಒಂದು ಫಿಗರ್ ಅಂದ್ರೆ ಇಪ್ಪತ್ತು ಜನ ಅಂತಿಟ್ಕೊಳ್ಳಿ, ನಿಜದಲ್ಲಿ 720 ಜನ ಮೂರು ಸಾಲಲ್ಲಿ ನಿಂತ್ರೆ ಸುಮಾರು 130 ಮೀಟರ್ ಅಗಲ, ಮಸ್ಕೆಟ್ ಕೆಲಸಕ್ಕೆ ಬರ್ತಿದ್ದಿದ್ದು ನೂರು ಮೀಟರ್ ಒಳಗೆ. ತಲೆಕೆಳಗಾಗಿದೆ. ನಾವು ಎಲ್ಲಾ ದೂರನೂ ಅರ್ಧ ಮಾಡ್ಕೊಂಡು ಆಡ್ತೀವಿ, ಆಗ ಪರವಾಗಿಲ್ಲ. ಲಾ ಹೇ ಸಾಂತ್ ಇಲ್ಲಿ ಒಂದೇ ಒಂದು ಕಟ್ಟಡ, ಒಳಗೆ ಒಂದು ಯೂನಿಟ್, ಹಿಡಿದ್ರಾ ಬಿಟ್ರಾ ಅಷ್ಟೇ.

ಮಧ್ಯದ ಸೈಜಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. 15 ಅಂತ ಕರೀತಾರೆ ಆದ್ರೆ ಎಬಿ ಫಿಗರ್ಸ್‌ನ ಮೆಟಲ್ ಸೈನಿಕರು 18ಕ್ಕೆ ಹತ್ರ, ಆಂಟನಿ ಬಾರ್ಟನ್ ಕೆತ್ತಿದ್ದು, ಈ ಸೈಜಲ್ಲಿ ಇಷ್ಟು ಜೀವ ಇರೋ ಮುಖ ನಾನು ಬೇರೆಲ್ಲೂ ನೋಡಿಲ್ಲ. ವಾರ್‌ಲಾರ್ಡ್ ಕಂಪ್ನಿ ಎಪಿಕ್ ಅಂತ ಇನ್ನೂ ಸಣ್ಣ ಪ್ಲಾಸ್ಟಿಕ್ ಸೈನಿಕರನ್ನ ಒಟ್ಟಿಗೆ ಅಂಟಿರೋ ಪಟ್ಟಿಯಾಗಿ ಕೊಡತ್ತೆ, ಅಗ್ಗ, ಬೇಗ ಮೇಜು ತುಂಬತ್ತೆ, ಆದ್ರೆ ಪಟ್ಟಿಯ ನಡುವೆ ಬ್ರಷ್ ಹೋಗಲ್ಲ, ಹಿಂದಿನವನ ಎದೆ ಕಪ್ಪಾಗೇ ಉಳಿಯತ್ತೆ. ಬ್ಲ್ಯಾಕ್ ಪೌಡರ್ ಆಡೋದು ಖಚಿತ ಅಂದ್ರೆ 28ಕ್ಕಿಂತ ಈ ಸೈಜೇ ಮೇಜಿಗೆ ಸರಿ ಹೊಂದೋದು. ನನಗೆ ಮಾತ್ರ ಇದು ಮನಸ್ಸಿಗೆ ಅಂಟ್ಲಿಲ್ಲ, ಹತ್ರದಿಂದ ನೋಡೋ ಖುಷೀನೂ ಪೂರ್ತಿ ಇಲ್ಲ, ದೂರದಿಂದ ನೋಡೋ ಖುಷೀನೂ ಪೂರ್ತಿ ಇಲ್ಲ.

ಈಗ 6 ಎಂಎಂ. ಬಹಳ ಜನ ಫೋಟೋ ನೋಡಿ ಬೇಡ ಅಂತಾರೆ, ಅವರಿಗೋಸ್ಕರನೇ ಇದನ್ನ ಬರೀಬೇಕು ಅನ್ನಿಸಿದ್ದು. ಬಾಕಸ್ ಅಂತ ಶೆಫೀಲ್ಡ್ ಕಂಪ್ನಿ, ಮೆಟಲ್ಲು, ಕಾಲಾಳು ನಾಲ್ಕು ಜನ ಒಂದು ಪಟ್ಟಿ. ಪಟ್ಟಿಗಳನ್ನ ಐಸ್‌ಕ್ರೀಮ್ ಕಡ್ಡಿ ಮೇಲೆ ಸಾಲಾಗಿ ಅಂಟಿಸಿ ಕಂದು ಪ್ರೈಮರ್ ಹೊಡೆದು, ಒಂದು ಬಣ್ಣ ತಗೊಂಡು ಈ ತುದಿಯಿಂದ ಆ ತುದಿವರೆಗೂ ಹೋಗೋದು, ಆಮೇಲೆ ಮುಂದಿನ ಬಣ್ಣ. ಕಣ್ಣು, ಬಟನ್ನು, ಪಾಂಪಾನ್ ಬಣ್ಣ ಎಲ್ಲಾ ಮರ್ತುಬಿಡಿ. ಬಣ್ಣ ಮಾತ್ರ ನಿಜಕ್ಕಿಂತ ಎರಡು ಮೆಟ್ಟಿಲು ತಿಳಿಯಾಗಿರ್ಬೇಕು, 28ಕ್ಕೆ ಹಾಕೋ ಅದೇ ಡಾರ್ಕ್ ಪ್ರಷ್ಯನ್ ಬ್ಲೂ ಇಲ್ಲಿ ಹಾಕಿದ್ರೆ ಮೂರಡಿ ದೂರದಿಂದ ಕಪ್ಪು ಮುದ್ದೆ. ಬಿಳಿ ಬೆಲ್ಟು ಒಂದು ಗೀಟು, ಮುಖಕ್ಕೆ ಒಂದು ಚುಕ್ಕಿ, ಕೋವಿಗೆ ಬೆಳ್ಳಿ ಗೆರೆ, ಅಷ್ಟೇ ಸಾಕು. ಸಮಯ ಹಾಕ್ಬೇಕಾಗಿರೋದು ಬೇಸ್ ಮೇಲೆ, ಹುಲ್ಲು, ಮಣ್ಣು, ಬೇಲಿ ಚೆನ್ನಾಗಿದ್ರೆ ಸೈನ್ಯ ತಾನಾಗೇ ಎದ್ದು ಕಾಣತ್ತೆ. 28ರಲ್ಲಿ ಒಂದು ಬೆಟಾಲಿಯನ್ ಮುಗಿಸೋ ಸಮಯದಲ್ಲಿ ಇಲ್ಲಿ ಹಲವು ಬ್ರಿಗೇಡ್ ಸೇರಿದ ಒಂದು ಡಿವಿಷನ್ ಎದ್ದು ನಿಲ್ಲತ್ತೆ.

60 ಎಂಎಂ ಅಗಲ 30 ಎಂಎಂ ಆಳದ ಬೇಸು, 24 ಜನ. ಇದರ ಲೆಕ್ಕಾನೂ ನೋಡಿ. ವಾಟರ್ಲೂ ರಣರಂಗದ ಅಗಲ ಸುಮಾರು ನಾಲ್ಕು ಕಿಲೋಮೀಟರ್, ಅದನ್ನ ಆರಡಿ ಮೇಜಿಗೆ ಇಳಿಸಿದ್ರೆ 130 ಮೀಟರ್ ಅಂದ್ರೆ ಹತ್ರಹತ್ರ 60 ಎಂಎಂ. ಅಂದ್ರೆ ನನ್ನ ಬೇಸು ಒಂದು ಬೆಟಾಲಿಯನ್ ಲೈನಿನ ನಿಜವಾದ ಅಗಲ! ನೆಪೋಲಿಯನ್ನನ 72 ಸಾವಿರ, ವೆಲಿಂಗ್ಟನ್ನನ 68 ಸಾವಿರ ಎದುರುಬದುರು ನಿಂತು, ಫ್ರೆಂಚರ ಬಲಗಡೆ ಮೂಲೇಲಿ ಪ್ಲಾಂಸ್ನ್ವಾ ಹಳ್ಳಿ ಕಡೆಯಿಂದ ವೆಲಿಂಗ್ಟನ್ ನೆರವಿಗೆ ಪ್ರಷ್ಯನ್ನರು ಬರೋಕೂ ಜಾಗ ಇರತ್ತೆ. ಫ್ರೆಂಚ್ ಜನರಲ್ ಡೆರ್ಲಾನ್‌ನ ಕೋರ್ (ಹಲವು ಡಿವಿಷನ್ ಸೇರಿದ ಪಡೆ) ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹೊರಟಾಗ ಬೆಟಾಲಿಯನ್ ಹಿಂದೆ ಬೆಟಾಲಿಯನ್ ಲೈನಲ್ಲಿ ಒತ್ತೊತ್ತಾಗಿ ಹೋಯ್ತು ಅಂತ ಓದಿರ್ತೀವಿ, ಎಂಟು ಬೆಟಾಲಿಯನ್ ಮೂರು ಮೂರು ಸಾಲು ಅಂದ್ರೆ 24 ಸಾಲಿನ ಆಳ. ಅದನ್ನ 6ರಲ್ಲಿ ಇಟ್ಟು ನೋಡಿದಾಗ ಯಾಕೆ ಬ್ರಿಟಿಷ್ ಕುದುರೆ ದಳ ನುಗ್ಗಿದಾಗ ಅವರಿಗೆ ಕುದುರೆ ತಡೆಯೋ ಚೌಕಾಕಾರಕ್ಕೆ ಬರೋಕೆ ಆಗ್ಲಿಲ್ಲ ಅನ್ನೋದು ಕಣ್ಣಿಗೇ ಗೊತ್ತಾಗತ್ತೆ. ನಾನು ಈ ಹವ್ಯಾಸದಲ್ಲಿ ಕಂಡ ಅತಿ ದೊಡ್ಡ ಸಂತೋಷ ಅದು.

ಇದಕ್ಕೆ ನಾನು ಆಡೋದು ಬ್ಲೂಷರ್ ರೂಲ್ಸು, ಸ್ಯಾಮ್ ಮುಸ್ತಫಾ ಬರೆದಿದ್ದು, ಇಲ್ಲಿ ಒಂದು ಯೂನಿಟ್ ಅಂದ್ರೆ ಒಂದು ಬ್ರಿಗೇಡ್. ನಿಮ್ಮ ಟರ್ನಲ್ಲಿ ಎಷ್ಟು ಕೋರ್ ಮೂವ್ ಮಾಡ್ಬಹುದು ಅನ್ನೋದಕ್ಕೆ ಎದುರಾಳಿ ಡೈಸ್ ಉರುಳಿಸಿ ಮುಚ್ಚಿಟ್ಕೋತಾನೆ, ನಿಮಗೆ ಗೊತ್ತಿರಲ್ಲ. ಹಂಗಾಗಿ ಮುಖ್ಯವಾದ ಕೆಲಸ ಮೊದಲು ಮಾಡ್ಬೇಕು, ಕಾಯ್ತಾ ಕೂತ್ರೆ ಟರ್ನ್ ಮುಗಿದೇ ಹೋಗತ್ತೆ. ಲಾ ಹೇ ಸಾಂತ್ ಇಲ್ಲಿ ಹೆಬ್ಬೆರಳಷ್ಟು ಮನೆ, ಆದ್ರೆ ಅದನ್ನ ಹಿಡಿಯೋಕೆ ರಿಸರ್ವ್ ಕಳಿಸ್ಬೇಕಾ, ಅಥವಾ ಪ್ರಷ್ಯನ್ನರ ಕಡೆ ತಿರುಗಿಸ್ಬೇಕಾ ಅನ್ನೋ ಯೋಚನೆ ಬರೋದು ಈ ಸೈಜಲ್ಲೇ.

ರಾಕೆಟ್ ಬಗ್ಗೆ ಹೇಳ್ದೆ ಇದ್ರೆ ಮನಸ್ಸು ಒಪ್ಪಲ್ಲ. ಮೈಸೂರು ರಾಕೆಟ್ ನೋಡಿ ಕಲ್ತು ಕಾಂಗ್ರೀವ್ ಇಂಗ್ಲೆಂಡಲ್ಲಿ ಮಾಡಿದ ರಾಕೆಟ್ಟು 1813ರಲ್ಲಿ ಲೈಪ್‌ಝಿಗ್‌ನಲ್ಲಿ, 1815ರಲ್ಲಿ ವಾಟರ್ಲೂನಲ್ಲಿ ಹಾರ್ತು. 28ರಲ್ಲಿ ರಾಕೆಟ್ ತಂಡ ಪೇಂಟ್ ಮಾಡೋಕೆ ತುಂಬಾ ಸೊಗಸು, ಹೊಗೆ ಥರ ಕಾಣೋಕೆ ಹತ್ತಿ ಅಂಟಿಸಿ ತಂತಿ ಮೇಲೆ ನಿಲ್ಲಿಸಿದೀನಿ. ಆಟದಲ್ಲಿ ದಿಕ್ಕು ಡೈಸ್ ಹಾಕಿ ನೋಡ್ತೀವಿ, ಅದು ನಾವೇ ಮಾಡ್ಕೊಂಡ ರೂಲು. 6ರಲ್ಲಿ ಅದು ಒಂದು ಸಣ್ಣ ಬೇಸು, ಯಾರ ಗಮನಕ್ಕೂ ಬರಲ್ಲ, ಅಷ್ಟರ ಮಟ್ಟಿಗೆ 28 ಗೆಲ್ಲತ್ತೆ.

ಹೊಸಬರು ಯಾವುದು ತಗೋಬೇಕು ಅಂದ್ರೆ ನಾನು ಹೇಳೋದು, ಪೇಂಟಿಂಗ್ ಇಷ್ಟ ಇರೋರು 28ರಲ್ಲಿ ಒಂದು ಪ್ಲಾಸ್ಟಿಕ್ ಬಾಕ್ಸ್ ಫ್ರೆಂಚ್, ಒಂದು ಬ್ರಿಟಿಷ್ ತಗೊಂಡು ಶಾರ್ಪ್ ಪ್ರಾಕ್ಟೀಸ್ ಆಡಿ, ಎರಡು ಕಡೆಗೂ ಅಷ್ಟರಲ್ಲೇ ಸೈನ್ಯ ಆಗೋಗತ್ತೆ, ಸಾಮಾನ್ಯ ಡೈನಿಂಗ್ ಟೇಬಲ್ ಸಾಕು. ಚರಿತ್ರೆ ಓದಿ ಯುದ್ಧಾನೇ ಆಡ್ಬೇಕು ಅನ್ನೋರು ಬೇರೆ ಏನೂ ಯೋಚನೆ ಮಾಡ್ದೆ 6ಕ್ಕೆ ಹೋಗಿ. ಬೆಂಗಳೂರು ಮೈಸೂರಲ್ಲಿ ಇದ್ಕೊಂಡು ತರಿಸೋರಿಗೆ 6ರಲ್ಲಿ ಇನ್ನೊಂದು ಅನುಕೂಲ, ಇಡೀ ಸೈನ್ಯ ಸಣ್ಣ ಪಾರ್ಸೆಲ್ಲಲ್ಲಿ ಬರತ್ತೆ, ಒಂದು ಶೂ ಡಬ್ಬೀಲಿ ಇಟ್ಕೊಂಡು ಫ್ರೆಂಡ್ ಮನೆಗೆ ಹೋಗ್ಬಹುದು. ಇಬ್ಬರು ಸೇರಿ ಶುರು ಮಾಡೋದಾದ್ರೆ ಪೇಂಟ್ ಡಬ್ಬಿ ತೆಗೆಯೋಕೆ ಮುಂಚೆನೇ ಬೇಸ್ ಸೈಜ್ ಮಾತಾಡ್ಕೊಳ್ಳಿ, 6ರಲ್ಲಿ 60 ಇಂಟು 30 ಅಂತ ಇಬ್ಬರೂ ಒಪ್ಪಿದ್ರೆ ಆಮೇಲೆ ಯಾವ ರೂಲ್ಸ್ ಬೇಕಾದ್ರೂ ಬದಲಾಯಿಸ್ಕೊಂಡು ಆಡ್ಬಹುದು.