ಎಸ್ಟೋನಿಯಾದ ಆರೋಗ್ಯ ದಾಖಲೆ ಸೇವೆ: ಬ್ಲಾಕ್‌ಚೈನ್ ಎಲ್ಲಿದೆ, ಎಲ್ಲಿಲ್ಲ

2008ರಿಂದ ನಡೆಯುತ್ತಿರುವ ಎಸ್ಟೋನಿಯಾದ ರಾಷ್ಟ್ರೀಯ ಆರೋಗ್ಯ ದಾಖಲೆ ಸೇವೆಯಲ್ಲಿ ರೋಗಿಗಳ ವರದಿಗಳೆಲ್ಲ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಒಂದಕ್ಕೊಂದು ಹೆಣೆದ ದಾಖಲೆಗಳ ಸರಪಳಿಯಲ್ಲಿ ಇವೆ ಎಂದು ಹೇಳುವವರಿದ್ದಾರೆ. ಹಾಗಿಲ್ಲ, ಇರಲೂಬಾರದು. ಸರಪಳಿಗೆ ಸೇರಿದ್ದನ್ನು ಅಳಿಸಲಾಗದು. ಯುರೋಪಿನ ಕಾನೂನು ಕೊಡುವ ಅಳಿಸುವ ಹಕ್ಕಿಗೆ ಅದು ಅಡ್ಡಿ. ವರದಿಗಳಿರುವುದು ಮಾಮೂಲಿ ಡೇಟಾಬೇಸ್‌ನಲ್ಲೇ. ಗಾರ್ಡ್‌ಟೈಮ್ ಕಂಪನಿಯ ಕೆಎಸ್‌ಐ ಎಂಬ ಬ್ಲಾಕ್‌ಚೈನ್ ವ್ಯವಸ್ಥೆ ಅದರಿಂದ ತೆಗೆದುಕೊಳ್ಳುವುದು ಹ್ಯಾಶ್ ಮಾತ್ರ, ಅಂದರೆ ದಾಖಲೆಯ ಬೆರಳಚ್ಚಿನಂಥ ಸಂಖ್ಯೆ. ಪ್ರತಿ ಸೆಕೆಂಡಿನ ಹ್ಯಾಶ್‌ಗಳನ್ನು ಜೋಡಿಜೋಡಿಯಾಗಿ ಮತ್ತೆ ಹ್ಯಾಶ್ ಮಾಡುತ್ತ ಒಂದೇ ಹ್ಯಾಶ್‌ಗೆ ಇಳಿಸಿ ಸರಪಳಿಗೆ ಸೇರಿಸುತ್ತದೆ. ಆಮೇಲೆ ಸಿಸ್ಟಂ ಅಡ್ಮಿನ್ ದಾಖಲೆಯಲ್ಲಿ ಒಂದಕ್ಷರ ತಿದ್ದಿದರೂ ಹ್ಯಾಶ್ ತಾಳೆ ತಪ್ಪುತ್ತದೆ.

ಐಡಿ ಕಾರ್ಡನ್ನು ರೀಡರ್‌ಗೆ ಹಾಕಿ, ಗುರುತು ದೃಢಪಡಿಸುವ ಪಿನ್1 ಒತ್ತಿದರೆ ಈ ಸೇವೆಯ ಪೋರ್ಟಲ್ ತೆರೆಯುತ್ತದೆ. ನಮ್ಮ ದಾಖಲೆಯನ್ನು ಯಾರು, ಯಾವಾಗ ನೋಡಿದರು ಎಂಬ ಪಟ್ಟಿಯೇ ಈ ಸೇವೆಯ ನಿಜವಾದ ಬಲ. ಬೇಕಾದರೆ ದಾಖಲೆಯನ್ನು ವೈದ್ಯರಿಗೂ ಕಾಣದಂತೆ ಮುಚ್ಚಬಹುದು.

ಆದರೆ ರಕ್ತದ ಗುಂಪು ತಪ್ಪಾಗಿ ನಮೂದಾದರೆ ಹ್ಯಾಶ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ. ಮಾಹಿತಿ ಸೋರುವುದನ್ನೂ ಅದು ತಡೆಯದು. ಲಾಗಿನ್ ಇನ್ನೊಂದು ದುರ್ಬಲ ಜಾಗ: 2017ರಲ್ಲಿ ಚಿಪ್ ದೋಷದಿಂದ ಸುಮಾರು 7,60,000 ಐಡಿ ಕಾರ್ಡ್‌ಗಳ ಡಿಜಿಟಲ್ ಪ್ರಮಾಣಪತ್ರಗಳನ್ನು (ಲಾಗಿನ್‌ಗೆ ಬೇಕಾದವು) ತಡೆಹಿಡಿಯಬೇಕಾಯಿತು. ಆ ದೋಷ ಮೊಬೈಲ್-ಐಡಿಯನ್ನು, ಅಂದರೆ ಫೋನಿನ ಸಿಮ್ ಮೂಲಕ ಗುರುತು ದೃಢಪಡಿಸುವ ವಿಧಾನವನ್ನು, ತಟ್ಟಲಿಲ್ಲ. ಅಲ್ಲಿ ನೆಲೆಸುವ ಕನ್ನಡಿಗರು ಐಡಿ ಕಾರ್ಡ್, ಮೊಬೈಲ್-ಐಡಿ ಎರಡನ್ನೂ ಮಾಡಿಸಿಟ್ಟುಕೊಳ್ಳಿ.