ಬರ್ ಕೋಟೆ: ಅರ್ಲ್ ಮನೆತನದ ಅಂಗಳದಲ್ಲಿ ನಿಂತ ದೂರದರ್ಶಕ

ಐರ್ಲೆಂಡ್‌ನ ಆಫಲಿ ಕೌಂಟಿಯಲ್ಲಿರುವ ಬರ್ ಕೋಟೆಯ ಗೇಟು ದಾಟಿದ ಕೂಡಲೇ ದೂರದರ್ಶಕದ ಕಡೆ ಓಡಬೇಡಿ. ಮೊದಲು ಕುದುರೆಲಾಯದ ಕಟ್ಟಡದಲ್ಲಿರುವ ವಿಜ್ಞಾನ ಕೇಂದ್ರದಲ್ಲಿ ಒಂದು ಗಂಟೆಯಾದರೂ ಕಳೆಯಿರಿ. ದೂರದರ್ಶಕದೊಳಗೆ ಬೆಳಕು ಹಿಡಿಯುವ ಲೋಹದ ಕನ್ನಡಿಯನ್ನು ಎರಕ ಹೊಯ್ದ ಬಗೆ ತಿಳಿಯದೆ ಹೋದರೆ, ಹೊರಗೆ ಕಾಣುವುದು ಎರಡು ದಪ್ಪ ಗೋಡೆ, ನಡುವೆ ಒಂದು ಉದ್ದನೆಯ ಮರದ ಪೀಪಾಯಿ, ಅಷ್ಟೇ.

ಈ ದೂರದರ್ಶಕ ಕಟ್ಟಿಸಿದವರು ಮೂರನೇ ಅರ್ಲ್ ಆಫ್ ರಾಸ್ (ಅರ್ಲ್ ಎಂದರೆ ವಂಶಪಾರಂಪರ್ಯವಾಗಿ ಬರುವ ಬಿರುದು), ವಿಲಿಯಂ ಪಾರ್ಸನ್ಸ್ (1800–1867). ಇನ್ನೂ ಓದುತ್ತಿದ್ದಾಗಲೇ, 1821ರಲ್ಲಿ, ಆಗ ಕಿಂಗ್ಸ್ ಕೌಂಟಿ ಎನ್ನಿಸಿಕೊಂಡಿದ್ದ ಇದೇ ಪ್ರದೇಶದಿಂದ ಬ್ರಿಟನ್ನಿನ ಸಂಸತ್ತಿಗೆ ಆಯ್ಕೆಯಾದರು, 1834ರವರೆಗೆ ಸದಸ್ಯರಾಗಿದ್ದರು. 1845ರಿಂದ ಐರ್ಲೆಂಡಿನ ಬಿರುದಾಂಕಿತ ಮನೆತನಗಳ ಪ್ರತಿನಿಧಿಯಾಗಿ ಅದರ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿದ್ದರು. ಆದರೆ ಅವರ ನಿಜವಾದ ಹಟ ಕುಲುಮೆಯ ಮುಂದೆ ಕಾಣುತ್ತದೆ.

ಕನ್ನಡಿಯ ವ್ಯಾಸ 72 ಅಂಗುಲ, ತೂಕ ಸುಮಾರು 3 ಟನ್. ಲೋಹ ಸ್ಪೆಕ್ಯುಲಮ್: ಮೂರರಲ್ಲಿ ಎರಡು ಪಾಲು ತಾಮ್ರ, ಒಂದು ಪಾಲು ತವರ. ತವರ ಇಷ್ಟು ಹೆಚ್ಚಾದಾಗ ಹೊಳಪು ಬರುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಆರಿದರೆ ಬಿರುಕು ಖಚಿತ. ಅದಕ್ಕೇ ಅಚ್ಚಿನ ತಳಕ್ಕೆ ಕಬ್ಬಿಣದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿದರು. ಸಂದಿಯಲ್ಲಿ ಗಾಳಿ ಹೊರಗೆ ಹೋಗುತ್ತದೆ, ಲೋಹ ಸೋರುವುದಿಲ್ಲ, ತಳದಿಂದ ಮೇಲಕ್ಕೆ ಸಮವಾಗಿ ಆರುತ್ತದೆ. ಸುತ್ತಲಿನ ಜೌಗುನೆಲದ ಪೀಟನ್ನೇ (ಕೊಳೆತ ಸಸ್ಯಗಳಿಂದಾದ ಉರಿಯುವ ಮಣ್ಣು) ಸುಟ್ಟು ಲೋಹ ಕರಗಿಸಿದರು. 1842ರ ಏಪ್ರಿಲ್‌ನಲ್ಲಿ ಮೊದಲ ಎರಕ. ಆಮೇಲೆ ಕನ್ನಡಿ 16 ವಾರ ಒಲೆಯೊಳಗೇ ಆರಬೇಕಾಯಿತು. ಉಜ್ಜಲು, ಮೆರುಗು ಕೊಡಲು ಹಬೆ ಎಂಜಿನ್ನಿನ ಯಂತ್ರ. ತೇವದ ಹವೆಯಲ್ಲಿ ಸ್ಪೆಕ್ಯುಲಮ್ ಬೇಗ ಮಾಸುತ್ತದೆ, ಹಾಗಾಗಿ ಒಂದು ಮೆರುಗಿಗೆ ಹೋದಾಗ ಹಾಕಲು ಇನ್ನೊಂದು ಕನ್ನಡಿ ಬೇಕೇ ಬೇಕಿತ್ತು.

ಈಗ ಹೊರಗೆ ಬಂದು ನೋಡಿ. ಸುಮಾರು 54 ಅಡಿಯ ಕೊಳವೆ ಗೋಡೆಗಳ ನಡುವೆ ಮೇಲೆ ಕೆಳಗೆ ಚೆನ್ನಾಗಿ ಆಡುತ್ತದೆ, ಅಕ್ಕಪಕ್ಕಕ್ಕೆ ತುಸುವೇ. ಒಂದು ಆಕಾಶಕಾಯ ಎದುರಿಗೆ ಬರುವವರೆಗೆ ಕಾಯಬೇಕು, ದಾಟಿ ಹೋದರೆ ಆ ರಾತ್ರಿಗೆ ಮುಗಿಯಿತು. ನೋಡುವವರು ನಿಲ್ಲುತ್ತಿದ್ದುದು ಮೇಲಿನ ಮರದ ಅಟ್ಟಣೆಯಲ್ಲಿ. ಇಷ್ಟು ಮಿತಿಯಲ್ಲೇ 1845ರಲ್ಲಿ ಎಂ51 ಎಂಬ ದೂರದ ಗೆಲಾಕ್ಸಿಯ ಸುರುಳಿ ಆಕಾರ ಕಂಡಿತು. ಅದೇ ವರ್ಷ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಕ್ಷಾಮ ಶುರುವಾಯಿತು, ಆಕಾಶ ನೋಡುವ ಕೆಲಸ ಕೆಲಕಾಲ ನಿಂತಿತು. ಒಂದು ಮಾತು: ಇಂದು ಒಳಗಿರುವುದು 1990ರ ದಶಕದ ಜೀರ್ಣೋದ್ಧಾರದ ನಂತರ ಕೂರಿಸಿದ ಅಲ್ಯೂಮಿನಿಯಂ ಕನ್ನಡಿ. ಹಳೆಯ ಕನ್ನಡಿ ನೋಡಬೇಕೆಂದರೆ ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಹೋಗಬೇಕು.

ಕೇಂದ್ರದಲ್ಲಿ ತಪ್ಪಿಸಲೇಬಾರದ್ದು ಕೌಂಟೆಸ್ ಮೇರಿ ಅವರ ಫೋಟೊ ಕತ್ತಲೆಕೋಣೆಯ ಸಾಮಾನು. 1836ರಲ್ಲಿ ಮದುವೆಯಾಗಿ ಬಂದ ಯಾರ್ಕ್‌ಷೈರಿನ ಈ ಶ್ರೀಮಂತೆಯ ಆಸ್ತಿಯಿಲ್ಲದೆ ಇಷ್ಟು ದೊಡ್ಡ ಕೆಲಸ ಆಗುವುದು ಕಷ್ಟವಿತ್ತು. ದೂರದರ್ಶಕದ ಆರಂಭದ ದಿನಗಳು ನಮಗೆ ಕಾಣುವುದೂ ಆಕೆಯ ಫೋಟೊಗಳಿಂದಲೇ. ಹಲವು ಮಕ್ಕಳಲ್ಲಿ ನಾಲ್ವರು ಗಂಡುಮಕ್ಕಳಷ್ಟೇ ದೊಡ್ಡವರಾದರು. ಹಿರಿಯ ಲಾರೆನ್ಸ್ ಚಂದ್ರನ ಶಾಖ ಅಳೆದರು. ಕಿರಿಯ ಚಾರ್ಲ್ಸ್ 1884ರಲ್ಲಿ ಹಬೆ ಟರ್ಬೈನ್ ಮಾಡಿದರು.

ಕೋಟೆಯಲ್ಲಿ ಮನೆತನದವರು ಇಂದಿಗೂ ವಾಸವಿದ್ದಾರೆ. ಒಳಕೋಣೆಗಳ ಪ್ರವಾಸ ಬೇರೆ, ವರ್ಷವಿಡೀ ಇರುವುದಿಲ್ಲ. ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ. ಬರ್‌ಗೆ ರೈಲಿಲ್ಲ, ಬಸ್ಸು ಇಲ್ಲವೇ ಕಾರು. ತೋಟಕ್ಕೆ ಅರ್ಧ ದಿನ ಬೇಕು: ಹನ್ನೆರಡು ಮೀಟರಿನಷ್ಟು ಎತ್ತರದ, ಬಾಕ್ಸ್ ಎಂಬ ನಿತ್ಯಹಸಿರು ಗಿಡಗಳ ಬೇಲಿ, ಕ್ಯಾಮ್‌ಕರ್ ನದಿಗೆ ಅಡ್ಡಲಾಗಿ ಹಳೆಯ ತೂಗುಸೇತುವೆ. ನೀರು ಒಳಗಿಳಿಯದ ಬೂಟು ಹಾಕಿಕೊಂಡೇ ಹೋಗಿ, ನದಿಯ ದಂಡೆ ಸದಾ ಒದ್ದೆ.