ಕಾಲು ಮುರಿದ ಆರು ವಾರ: ಹಂಸಿಯನ್ನು ಓಡಿಸಿದ್ದು ಯಾರು?

ಕಾಲು ಮುರಿದು ಕೂತಾಗ ನಮ್ಮ ನಾಯಿ ಹಂಸಿಯನ್ನು ದಿನಾ ಓಡಾಡಿಸುವುದು ಯಾರು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪಕ್ಕದ ಮನೆಯ ಮೇಲಿನ ರೂಮಿನ ಹುಡುಗನಿಗೆ. ನಾಯಿ ಬಿಟ್ಟುಹೋಗುವ ಬೋರ್ಡಿಂಗು, ದುಡ್ಡು ಕೊಟ್ಟು ಕರೆಸಿದ ನಾಯಿ ವಾಕರ್, ತಮ್ಮನ ಹೊಲ ಎಲ್ಲಾ ನೋಡಿಯಾದ ಮೇಲಿನ ಮಾತಿದು.

ಜುಲೈ ಮಳೆಯಲ್ಲಿ ಹಿತ್ತಲ ಮೆಟ್ಟಿಲ ಪಾಚಿ ಮೇಲೆ ಜಾರಿದೆ. ಪಾದದ ಕೀಲು ಮುರಿಯಿತು, ಪ್ಲೇಟು ಸ್ಕ್ರೂ ಹಾಕಿದರು. ಆರು ವಾರ ಆ ಕಾಲು ನೆಲಕ್ಕೆ ಊರಬಾರದು ಅಂದರು ಡಾಕ್ಟರು. ಮನೆಯವರ ಕೆಲಸ ಬೆಳಗಾವಿಯಲ್ಲಿ, ವಾರಕ್ಕೊಮ್ಮೆ ಧಾರವಾಡಕ್ಕೆ ಬರುತ್ತಾರೆ. ಅಡುಗೆಗೆ ಬರುವ ಅಕ್ಕನಿಗೆ ನಾಯಿ ಅಂದರೆ ದೂರದಿಂದಲೇ ನಮಸ್ಕಾರ.

ಮನೆಯಲ್ಲಿ ಎರಡು ನಾಯಿ. ಗುಂಡ ಬೀದಿಯಿಂದ ಬಂದವನು. ಗೇಟಿನವರೆಗೆ ಹೋಗಿ ಬಂದರೆ ಅವನ ಆ ದಿನದ ಕೆಲಸ ಮುಗಿಯಿತು. ಹಂಸಿ ಮೂರು ವರ್ಷದ ಮುಧೋಳ ನಾಯಿ. ಎರಡು ದಿನ ಓಡದಿದ್ದರೆ ಪಡಸಾಲೆಯಲ್ಲೇ ಓಟ ಶುರು. ಮೂರನೇ ದಿನ ಗಾದಿಯ ಹತ್ತಿ ಹೊರಗೆ. ಹೊಲಿಗೆ ಹಾಕಿದ ಕಾಲಿನ ಮೇಲೆ ಇಪ್ಪತ್ತೆರಡು ಕೆಜಿ ನಾಯಿ ಹಾರಿದರೆ ಹೇಗಿರುತ್ತೆ, ನೀವೇ ಯೋಚನೆ ಮಾಡಿ.

ಆಪರೇಷನ್ ಆದ ಐದು ದಿನ ಎರಡನ್ನೂ ಹುಬ್ಬಳ್ಳಿಯ ಒಂದು ಬೋರ್ಡಿಂಗಿನಲ್ಲಿ ಬಿಟ್ಟಿದ್ದೆವು. ನಾಯಿಗೆ ದಿನಕ್ಕೆ 600 ರೂಪಾಯಿ, ಒಟ್ಟು 6000. ಇಂಜೆಕ್ಷನ್ ಕಾರ್ಡ್ ಇಲ್ಲದೆ ಒಳಗೆ ಬಿಡಲಿಲ್ಲ. ಅದು ಸರಿಯಾದದ್ದೇ. ಊಟವೂ ಹೊತ್ತಿಗೆ ಸರಿಯಾಗಿ ಹಾಕಿದ್ದಾರೆ. ಆದರೆ ಮುಧೋಳದ ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು. ಬರೀ ಸಿಮೆಂಟು ನೆಲದ ಮೇಲೆ ಮಲಗಿ ಹಂಸಿಯ ಮುಂಗಾಲಿನ ಕೀಲು ಕೆಂಪಾಗಿತ್ತು. ಕಿವಿಯೊಳಗೆ ನಾಲ್ಕು ಉಣ್ಣಿ. ಉಣ್ಣಿ ಜ್ವರದ ಭಯಕ್ಕೆ ಎರಡು ವಾರ ದಿನಾ ಒಸಡು ನೋಡಿದ್ದೇ ನೋಡಿದ್ದು, ಬಿಳಿಚಿಕೊಂಡಿದೆಯಾ ಅಂತ. ಏನೂ ಆಗಲಿಲ್ಲ, ಪುಣ್ಯ. ಆಸ್ಪತ್ರೆಯಲ್ಲಿರುವಾಗ ಬೇರೆ ದಾರಿ ಇಲ್ಲದಿದ್ದರೆ ಬಿಡಿ, ಮನೆಯಿಂದ ದಪ್ಪ ಗೋಣಿಚೀಲವೋ ಕೌದಿಯೋ ಕೊಟ್ಟು ಬಿಡಿ.

ಮನೆಗೆ ಬಂದ ಮೇಲೆ ವಾಕರ್. ಮನೆಯಲ್ಲಿ ಆಗ ಎರಡು ವಾಕರ್ ಇದ್ದವು. ಒಂದು ಅಲ್ಯೂಮಿನಿಯಂನದು, ನನಗೆ. ಇನ್ನೊಂದು ಸಾಕುಪ್ರಾಣಿ ಅಂಗಡಿಯವರು ಕಳಿಸಿದ ಹುಡುಗ, ನಾಯಿಗೆ. ತಿಂಗಳಿಗೆ 4000, ದಿನಕ್ಕೆ ನಲವತ್ತು ನಿಮಿಷ. ಒಳ್ಳೆಯ ಹುಡುಗ, ಹೊತ್ತು ತಪ್ಪಿಸುತ್ತಿರಲಿಲ್ಲ. ಜಗಳ ಇದ್ದಿದ್ದು ಬೆಲ್ಟಿನ ವಿಷಯಕ್ಕೆ.

ಮುಧೋಳದ ತಲೆ ನೀಳ, ಕಿರಿದು. ಕುತ್ತಿಗೆ ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಹಾಗಾಗಿ ಮಾಮೂಲಿ ಬೆಲ್ಟು ಎಷ್ಟೇ ಚೆನ್ನಾಗಿ ಹಾಕಿದರೂ ನಾಯಿ ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿದರೆ ಸರ್ರನೆ ಕಳಚುತ್ತದೆ. ಇದಕ್ಕೇ ಬೇರೆ ಬೆಲ್ಟು ಬರುತ್ತದೆ, ಮಾರ್ಟಿಂಗೇಲ್ ಅಂತ. ಅಗಲ ಪಟ್ಟಿ, ಅದಕ್ಕೊಂದು ಚಿಕ್ಕ ಕುಣಿಕೆ. ಸುಮ್ನೆ ನಿಂತಾಗ ಸಡಿಲ, ಜಗ್ಗಿದಾಗ ಮಾತ್ರ ಬಿಗಿ. ಜಗ್ಗಿದಾಗಲೂ ಪಟ್ಟಿಯ ಎರಡು ತುದಿಯ ಬಳೆಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಬೆಲ್ಟು ದೊಡ್ಡದಾಯಿತು, ತಲೆ ಕಳಚುತ್ತದೆ ಅಂತ ಅರ್ಥ.

ಇಷ್ಟನ್ನೂ ಮೊದಲ ದಿನವೇ ಹಾಸಿಗೆಯಿಂದಲೇ ತೋರಿಸಿಕೊಟ್ಟಿದ್ದೆ. "ಹೂಂರಿ ಮೇಡಂ" ಅಂದ. ನಾಲ್ಕನೇ ದಿನ ನೋಡಿದರೆ ನಮ್ಮ ಬೆಲ್ಟು ಮೊಳೆಗೆ ನೇತಾಡುತ್ತಿದೆ, ಹಂಸಿ ಇಲ್ಲ. ಅವನು ಅಂಗಡಿಯ ಬೆಲ್ಟು ಹಾಕಿಕೊಂಡು ಹೋಗಿದ್ದ. ಕೇಳಿದರೆ, "ನಿಮ್ದು ಕುತ್ತಿಗಿ ಬಿಗೀತೈತ್ರಿ, ಪಾಪ ಅನಸ್ತು." ಮತ್ತೆ ಹೇಳಿದೆ. ಎರಡು ದಿನ ಸರಿಯಿತ್ತು, ಮೂರನೇ ದಿನ ಮತ್ತೆ ಮೊಳೆ ಮೇಲೆ ಬೆಲ್ಟು. ಅವತ್ತೇ ಆಯಿತು. ಕೆಲಗೇರಿ ರಸ್ತೆಯಲ್ಲಿ ಟಿಪ್ಪರ್ ಹಾರ್ನ್ ಹೊಡೆಯಿತು, ಹಂಸಿ ಬೆದರಿ ಹಿಂದಕ್ಕೆ ಸರಿದಳು, ಖಾಲಿ ಬೆಲ್ಟು ಅವನ ಕೈಯಲ್ಲಿ ಉಳಿಯಿತು.

ಮುಧೋಳ ನಾಯಿ ಕಣ್ಣಿಂದ ಬೇಟೆ ಹಿಡಿಯುವ ಜಾತಿ. ಒಮ್ಮೆ ಓಡಿತೆಂದರೆ ಕೂಗು ಕಿವಿಗೆ ಬೀಳುವುದಿಲ್ಲ, ಬೈಕಿನಲ್ಲಿ ಬೆನ್ನು ಹತ್ತಿದರೆ ಇನ್ನೂ ಜೋರು. ಒಂದೂವರೆ ತಾಸು ನಾನು ಕಾಲು ದಿಂಬಿನ ಮೇಲಿಟ್ಟುಕೊಂಡು ಫೋನು ಮಾಡುತ್ತಾ ಕೂತಿದ್ದೆ. ಕೊನೆಗೆ ಅವಳೇ ಬಂದಳು, ಕೆಸರು ಮೆತ್ತಿಕೊಂಡು, ಗೇಟಿನ ಮುಂದೆ. ತಿಂಗಳ ದುಡ್ಡು ಪೂರ್ತಿ ಕೊಟ್ಟು ವಾಕರ್‌ನನ್ನು ಕಳಿಸಿದೆ. ದುಡ್ಡಿನ ಬೇಸರ ಈಗಿಲ್ಲ, ಬೆಲ್ಟಿನದು ಇನ್ನೂ ಇದೆ!

ತಮ್ಮನ ಹೊಲ ಲೋಕಾಪುರದ ಕಡೆ, ಮುಧೋಳ ತಾಲ್ಲೂಕು. ತವರಿಗೆ ಕಳಿಸಿದ ಹಾಗೆ, ಅಲ್ವಾ? ಆದರೆ ಕಬ್ಬಿನೊಳಗೆ ಹೊಕ್ಕರೆ ನಾಯಿ ಸಿಗುವುದಿಲ್ಲ, ಬಾವಿಗೆ ಕಟ್ಟೆಯಿಲ್ಲ. ಮೇಲಿಂದ ತಮ್ಮನ ಗೆಳೆಯರಿಗೆ ಮೊಲದ ಮಾತು. ಮೊಲದ ಬೇಟೆಗೆ ಕಾನೂನು ಅಡ್ಡ ಇದೆ ಅಂದರೆ ನಗುತ್ತಾರೆ. ಬೇಡವೆಂದೆ.

ಇನ್ನು ನನ್ನ ಹುಡುಗ. ನಮ್ಮ ಸಪ್ತಾಪುರ ಬಡಾವಣೆಯಲ್ಲಿ ಯಾವ ಮನೆ ನೋಡಿದರೂ ಮೇಲಿನ ರೂಮಿನಲ್ಲಿ ಪರೀಕ್ಷೆಗೆ ಓದುವ ಹುಡುಗರು. ಪಕ್ಕದ ಮನೆಯವನು ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು ದಿನಾ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಓಡಲು ಹೋಗುತ್ತಾನೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹೇಗೂ ಓಡುತ್ತೀಯ, ಇವಳನ್ನೂ ಕರೆದುಕೊಂಡು ಹೋಗು ಅಂದೆ. ಹಳ್ಳಿಯ ಹುಡುಗ, ನಾಯಿ ಗೊತ್ತು. ಬೆಲ್ಟು ಕೈಗೆ ತಗೊಂಡು ತಾನೇ ಜಗ್ಗಿ ನೋಡಿ, ಬಳೆಗಳ ನಡುವೆ ಬೆರಳಿಟ್ಟು ನೋಡಿ, ಆಮೇಲೆ ಹಾಕಿದ. ಅಲ್ಲೇ ನಾನು ಸೋತೆ.

ಮೊದಲ ದಿನ ಏದುಸಿರು ಬಿಡುತ್ತಾ ಬಂದು, "ಅಕ್ಕೋರ, ಇದಕ್ಕ ನಾನೇ ಸಾಲೂದಿಲ್ರಿ" ಅಂದ. ಹಂಸಿ ನೀರು ಕುಡಿದು ಮೂಲೆಯಲ್ಲಿ ಸುರುಳಿ ಸುತ್ತಿ ಮಧ್ಯಾಹ್ನದವರೆಗೆ ಏಳಲಿಲ್ಲ. ವಾಕರ್‌ನ ನಲವತ್ತು ನಿಮಿಷದ ಮೆಲ್ಲನೆ ನಡಿಗೆಗಿಂತ ಇವನ ಹದಿನೈದು ನಿಮಿಷದ ಓಟ ಅವಳಿಗೆ ಹಿತ. ಒಂದೇ ಮಾತು ಬಿಗಿಯಾಗಿ ಹೇಳಿದ್ದೆ: ಓಡಿ ಬಂದ ಕೂಡಲೇ ಏನೂ ತಿನ್ನಿಸಬೇಡ, ಒಂದು ತಾಸು ಕಳೆಯಲಿ. ಎದೆ ಆಳವಿರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಜಾಸ್ತಿ. ದುಡ್ಡು ಬೇಡವೆಂದ. ಒತ್ತಾಯ ಮಾಡಿ ತಿಂಗಳಿಗೆ 2000, ದಿನಾ ಎರಡು ಮೊಟ್ಟೆ ಅಂತ ಒಪ್ಪಿಸಿದೆ.

ಇವನ ಕೊರತೆಯೂ ಹೇಳಬೇಕು. ಪಂಚಮಿಗೆ ಊರಿಗೆ ಹೋದವನು ನಾಲ್ಕು ದಿನ ಬರಲಿಲ್ಲ. ಆಗ ಹಳೆಯ ಟವೆಲ್ ಸುತ್ತಿ ಅದರೊಳಗೆ ಜೋಳದ ರೊಟ್ಟಿ ಚೂರು ಮುಚ್ಚಿಟ್ಟು ಮೂಸಿ ಹುಡುಕಿಸುವ ಆಟ ಆಡಿಸಿದೆ, ಕುರ್ಚಿಯಲ್ಲಿ ಕೂತೇ. ಎರಡು ದಿನ ನಡೆಯಿತು, ಮೂರನೇ ದಿನ ಟವೆಲನ್ನೇ ಹರಿದಳು. ಹಬ್ಬದ ಉಂಡಿ ಡಬ್ಬಿ ಮೇಲಿಡಿ, ಒಣದ್ರಾಕ್ಷಿ ನಾಯಿಗೆ ವಿಷ.

ನಾನು ಐದಕ್ಕೆ ಏಳುವವಳು, ಹಿಂದೆಯೇ ಮೈದಾನ ಇದೆ, 4000 ನನಗೆ ಭಾರ. ಅದಕ್ಕೇ ಈ ಹುಡುಗ ಹೊಂದಿದ. ಎಂಟಕ್ಕೆ ಏಳುವವರು, ಲ್ಯಾಬ್ರಡಾರ್ ಸಾಕಿದವರು ವಾಕರ್‌ನನ್ನೇ ಇಟ್ಟುಕೊಳ್ಳಿ. ಲ್ಯಾಬ್ರಡಾರ್ ಕುತ್ತಿಗೆಯಿಂದ ಬೆಲ್ಟು ಅಷ್ಟು ಸುಲಭಕ್ಕೆ ಕಳಚುವುದಿಲ್ಲ.

ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ. ಕೋಲು ಹಿಡಿದು ಗೇಟಿನವರೆಗೆ ಹೋಗಿ ಬರುತ್ತೇನೆ, ಗುಂಡನಿಗೂ ಅಷ್ಟೇ ಸಾಕು. ಹಂಸಿ ಐದೂಕಾಲಿಗೇ ಕಾಂಪೌಂಡಿನ ಹತ್ತಿರ ನಿಂತು ಪಕ್ಕದ ಮನೆಯ ಮೇಲಿನ ರೂಮಿನ ಲೈಟು ಹತ್ತುವುದನ್ನೇ ಕಾಯುತ್ತಾಳೆ.